ಗೋಡೆಯ ಎಡಮೂಲೆಯ ದೋಣಿ

ನಮ್ಮೂರು ಉಮ್ಮುಲ್ ಬರ್ದಿಯ ಸಭಾಮನೆಗೆ ಹೊಕ್ಕರೆ ಎದುರಿನ ಗೋಡೆಯ ತುಂಬ ನಮ್ಮ ಜೌಗಿನ ಚಿತ್ರವಿದೆ. ಅದರ ಎಡಮೂಲೆಯಲ್ಲಿ ಒಂದು ದೋಣಿ, ದೋಣಿಯಲ್ಲಿ ಒಬ್ಬ ಮನುಷ್ಯ, ಅವನ ಕೈಯಲ್ಲಿ ಐದು ಮೊನೆಯ ಮೀನೀಟಿ. ಪಟ್ಟಣದಿಂದ ಬಂದವರೆಲ್ಲ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. “ಗಂಡಸು ಅಂದ್ರೆ ಇವನಪ್ಪಾ” ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಕಣ್ಣಿದ್ದವರು ಆ ಕೈಗಳನ್ನು ನೋಡಬೇಕು. ಈಟಿ ಹಿಡಿದವನ ಒಂದು ಕೈ ಹೆಗಲಿಗಿಂತ ಮೇಲಿರುತ್ತದೆ, ಮೈಭಾರ ಮುಂಗಾಲಿನ ಮೇಲಿರುತ್ತದೆ. ಇವನ ಎರಡು ಮುಷ್ಟಿಗಳೂ ಹೊಟ್ಟೆಯ ಮುಂದೆ ಒಂದಕ್ಕೊಂದು ತಾಗಿಕೊಂಡಿವೆ. ಬೆನ್ನು ಹಿಂದಕ್ಕೆ ವಾಲಿದೆ. ಹಿಮ್ಮಡಿ ಹಲಗೆಗೆ ಒತ್ತಿದೆ. ಅದು ಬಲೆ ಎಳೆಯುವವನ ಮೈ. ಆ ಮುಷ್ಟಿಗಳ ನಡುವೆ ಈಟಿಯನ್ನು ಆಮೇಲೆ ತುರುಕಿದ್ದಾರೆ, ಗೋಣಿಚೀಲದ ಬಾಯಿಗೆ ಕಡ್ಡಿ ತುರುಕಿದ ಹಾಗೆ.

ತುರುಕಿಸಿದವನು ನನ್ನ ಒಡಹುಟ್ಟಿದ ಅಣ್ಣ ಮಿಜ್ಬಾನ್, ಈ ಊರಿನ ಹಿರಿಯ. ಹನ್ನೊಂದು ವರ್ಷವಾಯಿತು. ಅವನ ಮನೆಯಲ್ಲಿ ನಾನು ಇವತ್ತಿಗೂ ರೊಟ್ಟಿ ಮುರಿದಿಲ್ಲ.

ಚಿತ್ರ ಬರೆದವನು ಜಹೈಶ್. ಆ ಹೆಸರಿನ ಅರ್ಥ ಕತ್ತೆಮರಿ. ಜೌಗಿನಲ್ಲಿ ಅದು ಬೈಗುಳವಲ್ಲ. ಅವನಿಗಿಂತ ಮುಂಚೆ ಹುಟ್ಟಿದ ಎರಡು ಗಂಡು ಕೂಸುಗಳು ಸತ್ತಿದ್ದವು, ಮೂರನೆಯದರ ಮೇಲೆ ಸಾವಿನ ಕಣ್ಣು ಬೀಳದಿರಲಿ ಎಂದು ತಾಯಿ ಹಾಗೆ ಕರೆದಳು. ನಮ್ಮಲ್ಲಿ ನಾಯಿಮರಿ, ನರಿ, ಸಗಣಿ ಎಂಬ ಹೆಸರಿನ ಗೌರವಸ್ಥರೂ ಇದ್ದಾರೆ. ಅವನ ತೊಂದರೆ ಇದ್ದದ್ದು ತನ್ನ ಹೆಸರಲ್ಲಲ್ಲ, ಅಪ್ಪನ ಹೆಸರಲ್ಲಿ. ಅಪ್ಪ ಚಾಸಿಬ್ ಬಲೆಯವನು.

ನಮ್ಮಲ್ಲಿ ಈಟಿಯಿಂದ ಮೀನು ಚುಚ್ಚುವವನು ಮನುಷ್ಯ, ಬಲೆ ಬೀಸುವವನು ಬಲೆಯವನು. ಬಲೆಯವನಿಗೆ ಹೆಣ್ಣು ಕೊಡುವುದಿಲ್ಲ, ಅವನ ಮನೆಯಿಂದ ತರುವುದೂ ಇಲ್ಲ. ಯಾಕೆ ಎಂದು ನಾನು ನನ್ನ ಅಜ್ಜನನ್ನು ಕೇಳಿದ್ದೆ. ಅಜ್ಜ ನನ್ನ ಕಿವಿ ಹಿಂಡಿದ, ಉತ್ತರ ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಬಲೆಯವನ ಮೀನು ಮಾತ್ರ ಎಲ್ಲರ ಮನೆಯ ಕೆಂಡದ ಮೇಲೂ ಬೇಯುತ್ತಿತ್ತು.

ಜಹೈಶ್ ಮತ್ತು ನಾನು ನಾಲ್ಕು ವರ್ಷ ಒಂದೇ ಚಾಪೆಯ ಮೇಲೆ ಕೂತು ಓದಿದವರು. ಆಮೇಲೆ ನಾನು ಎಮ್ಮೆಗಳ ಹಿಂದೆ ಹೋದೆ. ಅವನಿಗೆ ಓದಿಗಿಂತ ಗೀಚುವುದೇ ಹೆಚ್ಚು. ಡಾಂಬರು ಬಳಿದು ಒಣಗಲು ಬೋರಲು ಹಾಕಿದ ದೋಣಿಗಳ ಕಪ್ಪು ಹೊಟ್ಟೆಯ ಮೇಲೆ ಸುಣ್ಣದ ಹೆಂಟೆಯಿಂದ ಎಮ್ಮೆ ಬರೆಯುತ್ತಿದ್ದ. ಯಾರ ಮನೆಯ ಎಮ್ಮೆ ಎಂದು ಕೋಡು ನೋಡಿಯೇ ಹೇಳಬಹುದಿತ್ತು. ದೋಣಿಯ ಯಜಮಾನ ಬಂದು ಕಪಾಳಕ್ಕೆ ಹೊಡೆಯುತ್ತಿದ್ದ, ಆದರೆ ಚಿತ್ರ ಅಳಿಸುತ್ತಿರಲಿಲ್ಲ. ದೋಣಿ ನೀರಿಗಿಳಿದ ಮೇಲೆ ತಾನಾಗಿ ತೊಳೆದುಹೋಗುತ್ತಿತ್ತು.

ಸರಕಾರದವರು ಒಡ್ಡು ಕಟ್ಟಿ ನೀರು ನಿಲ್ಲಿಸಿದ ವರ್ಷ ನಮಗೆ ಇಪ್ಪತ್ತರ ಆಸುಪಾಸು. ಜೌಗು ಕೆರೆಯಾಯಿತು, ಕೆರೆ ಗುಂಡಿಯಾಯಿತು, ಗುಂಡಿಯಲ್ಲಿ ಗಂಜಿಯಂಥ ಕೆಸರು. ಅದರಲ್ಲಿ ಈಟಿ ಹಿಡಿದು ನಿಂತರೆ ಮೀನು ಕಾಣಬೇಕಲ್ಲ? ನನ್ನಪ್ಪ ಎರಡು ದಿನ ನಿಂತು ಬರಿಗೈಲಿ ಬಂದ. ಮೂರನೆಯ ದಿನ ಮಧ್ಯಾಹ್ನ, ಊರೆಲ್ಲ ಬಿಸಿಲಿಗೆ ಕಣ್ಣು ಮುಚ್ಚಿದ್ದಾಗ, ನಮ್ಮ ಬಾಗಿಲ ಚಾಪೆಯ ಕೆಳಗೆ ನಾಲ್ಕು ಮೀನು. ಬಲೆಯ ಮೀನು, ಮೈಮೇಲೆ ಒಂದೂ ತೂತಿರಲಿಲ್ಲ. ಅಮ್ಮ ಏನೂ ಕೇಳದೆ ಕೆಂಡ ಹೊತ್ತಿಸಿದಳು. ನಾವು ಊರು ಬಿಡುವವರೆಗೆ, ಎರಡು ತಿಂಗಳು, ಚಾಸಿಬ್ ಹಾಗೆಯೇ ಇಟ್ಟುಹೋದ. ಒಂದು ದಿನವೂ ಬಾಗಿಲು ತಟ್ಟಲಿಲ್ಲ. ತಟ್ಟಿದ್ದರೆ ಅಪ್ಪ ಅವನನ್ನು ಒಳಗೆ ಕರೆಯಬೇಕಾಗುತ್ತಿತ್ತು.

ಆಮೇಲೆ ಎಲ್ಲರೂ ಚದುರಿದೆವು. ಚಾಸಿಬ್ ನಾಸಿರಿಯಾ ಪಟ್ಟಣದ ಅಂಚಿನ ತಗಡಿನ ಗುಡಿಸಲಲ್ಲಿ ಸತ್ತ. ನೀರು ಕಾಣದ ಜಾಗ. ಅವನದೊಂದು ಫೋಟೋ ಎಂಬುದು ಎಲ್ಲೂ ಇರಲಿಲ್ಲ. ಗುರುತಿನ ಚೀಟಿ ಮಾಡಿಸಲು ಹೋದವನೇ ಅಲ್ಲ ಅವನು.

ಜಹೈಶ್ ಅಲ್ಲೇ ಹತ್ತು ವರ್ಷ ಅಂಗಡಿ ಬೋರ್ಡು ಬರೆದ. ಕ್ಷೌರದಂಗಡಿಗೆ ಕತ್ತರಿ, ಮೀನು ಸುಡುವ ಅಂಗಡಿಗೆ ಮೀನು. ನಮ್ಮ ಕಡೆಯವನೇ ಒಬ್ಬ ದರ್ಜಿಯ ಮಗಳನ್ನು ಕೇಳಲು ಹೋಗಿದ್ದ. ದರ್ಜಿ ಚಹಾ ಕೊಟ್ಟು, “ನಿಮ್ಮಪ್ಪ ಯಾರಪ್ಪಾ?” ಅಂದ. ಇವನು ಹೇಳಿದ. ಚಹಾದ ಲೋಟ ಖಾಲಿಯಾಗುವ ಮುಂಚೆ ದರ್ಜಿಗೆ ಎಲ್ಲೋ ತುರ್ತು ಕೆಲಸ ನೆನಪಾಯಿತು.

“ಬೇರೆ ಯಾವುದಾದ್ರೂ ಹೆಸರು ಹೇಳಬಹುದಿತ್ತಲ್ಲೋ ಕತ್ತೇ” ಎಂದು ಅವನನ್ನು ನೋಡಲು ಹೋದಾಗ ನಾನು ಬೈದೆ. “ಅಷ್ಟು ದೊಡ್ಡ ಪಟ್ಟಣದಲ್ಲಿ ಯಾರಿಗೆ ಗೊತ್ತಾಗೋದು?”

“ಯಾರ ಹೆಸರು ಹೇಳ್ಲಿ? ನಿಮ್ಮಪ್ಪಂದಾ?” ಅಂದ. “ಬೇಡಪ್ಪ. ಆಮೇಲೆ ನಿನ್ನನ್ನ ಅಣ್ಣ ಅನ್ಬೇಕಾಗುತ್ತೆ. ಅದಕ್ಕಿಂತ ಬ್ರಹ್ಮಚಾರಿಯಾಗಿರೋದೇ ವಾಸಿ.”

ಮತ್ತೆಲ್ಲೂ ಅವನು ಹೆಣ್ಣು ಕೇಳಲಿಲ್ಲ.

ಒಡ್ಡು ಒಡೆದು ನೀರು ಬಂತು. ನಾವು ಎಮ್ಮೆಗಳನ್ನು ಹೊಡೆದುಕೊಂಡು ಬಂದೆವು, ಅವನೂ ಬಂದ. ಅವನಿಗಾಗಿ ಕಾಯುವವರು ಇಲ್ಲಿ ಯಾರೂ ಇರಲಿಲ್ಲ. ಊರಿನಿಂದ ಒಂದು ಕೂಗಿನಷ್ಟು ದೂರದಲ್ಲಿ ಜೊಂಡು ಒಟ್ಟಿ ಒಂದು ಸಣ್ಣ ದಿಬ್ಬ ಮಾಡಿಕೊಂಡು ಅದರ ಮೇಲೆ ಗುಡಿಸಲು ಹಾಕಿದ. ಎಮ್ಮೆ ಇಲ್ಲ, ನಾಯಿ ಇಲ್ಲ. ಒಂದು ರೇಡಿಯೋ ಇತ್ತು. ನಾನು ಜೊಂಡು ಕೊಯ್ಯಲು ಆ ದಾರಿಯಲ್ಲಿ ಹೋಗುವಾಗ ಅವನು ರೇಡಿಯೋದಲ್ಲಿ ಸುದ್ದಿ ಓದುವವನ ಜೊತೆ ಜಗಳವಾಡುವುದು ಕೇಳುತ್ತಿತ್ತು. “ಸುಳ್ಳು ಹೇಳ್ಬೇಡ್ವೋ, ಮೊನ್ನೆ ಬೇರೆ ಏನೋ ಹೇಳಿದ್ದೆ” ಅನ್ನುತ್ತಿದ್ದ. ನನ್ನ ದೋಣಿಯ ಸದ್ದು ಕೇಳಿದರೆ ಸುಮ್ಮನಾಗುತ್ತಿದ್ದ.

ನಮ್ಮ ಹಳೆಯ ಸಭಾಮನೆ ಜೊಂಡಿನದು, ಹನ್ನೊಂದು ಕಮಾನಿನದು. ಜೌಗು ನೋಡಲು ಹೊರಗಿನವರು ಬರತೊಡಗಿದ ಮೇಲೆ ಮಿಜ್ಬಾನ್ ಅದರ ಪಕ್ಕದಲ್ಲಿ ಇಟ್ಟಿಗೆಯದೊಂದು ಕಟ್ಟಿಸಿದ. ಕಟ್ಟಿದ ಮೇಲೆ ನೋಡಿದರೆ ಆಸ್ಪತ್ರೆಯ ಹಾಗಿತ್ತು. ಬೆಳ್ಳನೆಯ ಗೋಡೆ, ಮಾತಾಡಿದರೆ ಪ್ರತಿಧ್ವನಿ. ಆಗ ಅವನಿಗೆ ಜಹೈಶ್‌ನ ನೆನಪಾಯಿತು.

“ಒಳಗೆ ಕಾಲಿಟ್ಟವನಿಗೆ ನಾವು ಯಾರು ಅಂತ ಕೇಳದೇನೆ ಗೊತ್ತಾಗ್ಬೇಕು” ಅಂದ ಮಿಜ್ಬಾನ್. “ಎಮ್ಮೆ ಹಣೆ ಮೇಲೆ ಬಿಳಿ ಮಚ್ಚೆ ಇರ್ಲಿ, ನಮ್ಮ ಎಮ್ಮೆ ಅಂತ ತಿಳೀಲಿ. ಕಮಾನು ಹನ್ನೊಂದು ಇರ್ಲಿ. ಹತ್ತು ಬರೆದ್ರೆ ನಿನ್ನ ಕೈ ಮುರೀತೀನಿ.”

“ಎಣಿಸೋಕೆ ಬರುತ್ತೆ ನಂಗೆ” ಅಂದ ಜಹೈಶ್. “ಮಿಕ್ಕಿದ್ದು?”

“ಮಿಕ್ಕಿದ್ದು ನಿನಗೇ ಬಿಟ್ಟಿದ್ದು.”

ಆ ಮಾತನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ.

ನಲವತ್ತು ದಿನ ಬರೆದ. ಹನ್ನೊಂದು ಕಮಾನು, ಒಂದೊಂದಕ್ಕೂ ಒಂದೊಂದು ಬಣ್ಣದ ಜೊಂಡು, ಏಕೆಂದರೆ ನಮ್ಮ ಹನ್ನೊಂದು ಮನೆತನ ಬಂದದ್ದು ಹನ್ನೊಂದು ಕಡೆಯಿಂದ. ಕಮಾನಿನ ಬಾಯಿಗೆ ಮುಖ ಮಾಡಿ ಎರಡು ಕೊಕ್ಕರೆ. ಅವು ಬರಲಿರುವ ಅತಿಥಿಗಳು. ಅಡಿಯಲ್ಲಿ ಉದ್ದಕ್ಕೂ ಒಂದು ಗೇಣು ಅಗಲದ ಬಿರುಕು ಬಿಟ್ಟ ಬೂದುನೆಲ, ಅದು ಒಣಗಿದ ವರ್ಷಗಳು. ಆ ನೆಲದ ಮೇಲೆ ಸಣ್ಣ ಸಣ್ಣ ಕಪ್ಪು ದೋಣಿಗಳು ಬೋರಲಾಗಿದ್ದವು. ಏನೆಂದು ಅವನು ಹೇಳಲಿಲ್ಲ, ಮುದುಕಿಯರು ಬಂದು ನೋಡಿ ತಾವಾಗಿಯೇ ಎಣಿಸಿ ತಮ್ಮ ತಮ್ಮ ಸತ್ತವರ ಹೆಸರು ಹೇಳಿಕೊಂಡು ಅತ್ತರು. ಸೂರ್ಯನಿಗೆ ಅಂಗಡಿಯ ಹಳದಿ ಒಗ್ಗಲಿಲ್ಲವೆಂದು, ಹೆಂಗಸರು ಮಿಠಾಯಿ ಮಾಡುವ ಜೊಂಡಿನ ಹೂವಿನ ಪುಡಿಯನ್ನೇ ತಂದು ಎಣ್ಣೆಯಲ್ಲಿ ಕಲಸಿದ. ಹಳದಿಯೇನೋ ಬಂತು. ಮಾರನೆಯ ದಿನ ಸೂರ್ಯನ ತುಂಬ ಇರುವೆ.

ಮಧ್ಯಾಹ್ನ ನಾನು ಎಮ್ಮೆಯ ಕೆನೆ, ಅಕ್ಕಿರೊಟ್ಟಿ ಕೊಂಡೊಯ್ಯುತ್ತಿದ್ದೆ. ಎಡಮೂಲೆಗೆ ಅವನು ಮೊದಲ ದಿನದಿಂದಲೂ ಒಂದು ಚಾಪೆ ಇಳಿಬಿಟ್ಟಿದ್ದ.

“ಅಲ್ಲೇನೋ?”

“ಇನ್ನೂ ಒಣಗಿಲ್ಲ.”

“ಇಪ್ಪತ್ತು ದಿನದಿಂದ ಒಣಗಿಲ್ವೇನೋ? ಬಣ್ಣಾನ ಎಣ್ಣೇಲಿ ಕಲಸಿದ್ದೀಯಾ, ಕಣ್ಣೀರಲ್ಲಾ?”

ತಮಾಷೆಗೆ ಅಂದದ್ದು. ಅವನು ನಗಲಿಲ್ಲ. “ಮುಖ ಸರಿಯಾಗಿ ನೆನಪಾಗ್ತಿಲ್ಲ ಅತ್ವಾನ್. ಮೂಗು ಬಂತು. ಕಣ್ಣು ಬರ್ತಿಲ್ಲ. ಅವನು ಯಾವಾಗ್ಲೂ ನೀರನ್ನೇ ನೋಡ್ತಿದ್ದ, ನಮ್ಮ ಕಡೆ ನೋಡಿದ್ದೇ ಕಮ್ಮಿ.”

ಯಾರೆಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಕೆಲಸ ಮುಗಿದ ದಿನ ಮಿಜ್ಬಾನ್ ಊರಲ್ಲಿರಲಿಲ್ಲ. ಮೂತ್ರಪಿಂಡದ ಕಲ್ಲು ತೆಗೆಸಲು ಬಸ್ರಾಕ್ಕೆ ಹೋಗಿದ್ದ. ಅವನ ಜಾಗದಲ್ಲಿ ನಾನು ಕೂತೆ. ಹಿರಿಯರು ಬಂದರು, ಕಾಫಿ ಕಾಯಿತು. ಜಹೈಶ್ ಚಾಪೆ ಸರಿಸಿದ. ದೋಣಿಯಲ್ಲಿ ಚಾಸಿಬ್. ಬೆನ್ನು ಹಿಂದಕ್ಕೆ ವಾಲಿಸಿ ಬಲೆ ಎಳೆಯುತ್ತಿದ್ದಾನೆ. ಬಲೆಯ ಒಂದೊಂದು ಕಣ್ಣನ್ನೂ ಬಿಡಿಸಿ ಬರೆದಿದ್ದ. ಕಣ್ಣು ಬರೆಯುವ ಗೋಜಿಗೆ ಹೋಗಿರಲಿಲ್ಲ, ರೆಪ್ಪೆ ತಗ್ಗಿಸಿ ನೀರು ನೋಡುವ ಹಾಗೆ ಮಾಡಿದ್ದ. ಅದೇ ಚಾಸಿಬ್. ನನಗೆ ಮೀನು ಬೆಂದ ವಾಸನೆ ಬಂದಂತಾಯಿತು.

ಹಾಜಿ ದುವೈಚ್ ಎಂಬ ಮುದುಕ ಕೋಲೂರಿಕೊಂಡು ಎದ್ದು ಹತ್ತಿರ ಹೋದ. ಊರಲ್ಲಿ ಎಲ್ಲರಿಗಿಂತ ಹಿರಿಯ.

“ಇದೇನೋ ಇದು?”

“ನಮ್ಮಪ್ಪ, ಹಾಜಿ.”

“ಅದು ಗೊತ್ತಾಯ್ತು, ನಾನೇನು ಕುರುಡನಲ್ಲ. ಇಲ್ಲಿ ಯಾಕೆ?”

“ಅವನೂ ಇಲ್ಲೇ ಇದ್ದೋನು.”

“ಇದ್ದ ಕಣಪ್ಪ, ಯಾರು ಇಲ್ಲ ಅಂದ್ರು? ಕಪ್ಪೆಗಳೂ ಇದ್ವು. ನಾಳೆ ಆಚೆ ದಡದೋರು ಬಂದು ಇದನ್ನ ನೋಡಿ ಏನಂತಾರೆ? ಇವರ ಮೂಲಪುರುಷ ಬಲೆಯವನಂತೆ ಅಂತ ಜೌಗೆಲ್ಲ ಸಾರ್ತಾರೆ. ಅಳಿಸೋ ಅದನ್ನ.”

ಬೇರೆಯವರು ತಲೆಯಾಡಿಸಿದರು. ಜಹೈಶ್ ಹಿಂದೆ ಬಂದು ಬಾಗಿಲ ಬಳಿ ತನ್ನ ಜಾಗದಲ್ಲಿ ಕೂತ. ಕಾಫಿ ಹಂಚುವವನು ಅವನ ಬಟ್ಟಲಿಗೂ ಹುಯ್ದ. ಅವನು ತೆಗೆದುಕೊಂಡ. ಕುಡಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಬಟ್ಟಲನ್ನು ನೆಲದ ಮೇಲೆ ಇಟ್ಟ.

ಸಭೆಯವರೆಲ್ಲ ಆ ಬಟ್ಟಲಿನತ್ತ ತಿರುಗಿದರು. ಹಾಗೆ ಇಡುವವನು ಬೇಡಿಕೆ ಹೊತ್ತು ಬಂದ ಅತಿಥಿ. ಯಜಮಾನ ‘ಕುಡಿ’ ಎಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಆಮೇಲೆ ಹಿಂತೆಗೆಯುವ ಮಾತಿಲ್ಲ. ರಕ್ತದ ವ್ಯಾಜ್ಯಗಳು ಹಾಗೆ ಮುಗಿದಿವೆ. ಬಲೆಯವನೊಬ್ಬ ನಮ್ಮ ಸಭಾಮನೆಯಲ್ಲಿ ಬಟ್ಟಲು ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಎತ್ಕೊಳ್ಳೋ” ಅಂದ ದುವೈಚ್. “ಬೋರ್ಡು ಬರೆಯೋನಿಗೆ ಏನು ಬಂತು ರೋಗ?”

ನನಗೆ ತಲೆಗೆ ಏರಿತು. “ಹಾಜೀ, ಅವನು ಇಟ್ಟಿರೋದು ನನ್ನ ಮುಂದೆ, ನಿಮ್ಮ ಮುಂದಲ್ಲ.”

“ನಿನಗೆ ಬುದ್ಧಿ ಇದ್ರೆ—”

“ಇಲ್ಲ. ನಿಮ್ಮ ಮಕ್ಕಳಿಗಿದೆ. ಬ್ಯಾಟರಿ ತಂತಿ ನೀರಿಗೆ ಬಿಟ್ಟು, ಮರಿ ಮೊಟ್ಟೆ ಸಮೇತ ಮೀನು ಸುಡ್ತಾರಲ್ಲ? ಈಟಿ ಹಿಡಿದೋನು ಈ ಊರಲ್ಲಿ ಯಾರಿದಾನೆ, ಹೇಳಿ? ಬಲೆ ಬೇಡ ಅಂದ್ರೆ ಬ್ಯಾಟರಿ ಬರೆಸ್ತೀನಿ. ಆಗ್ಬಹುದಾ?”

ಯಾರೋ ಕಿಸಕ್ಕನೆ ನಕ್ಕರು. ದುವೈಚ್ ಮುಖ ಕೆಂಪಾಯಿತು. ನಾನು ಜಹೈಶ್‌ನ ಕಡೆ ತಿರುಗಿ ಗಟ್ಟಿಯಾಗಿ, “ಕುಡಿ. ನಿನ್ನ ಮಾತು ನಡೀತು” ಅಂದೆ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಚಾಸಿಬ್‌ಗಿಂತ ದುವೈಚ್‌ನ ಮೇಲಿನ ಸಿಟ್ಟೇ ಹೆಚ್ಚಿತ್ತು. ಆದರೆ ಜಹೈಶ್‌ಗೆ ಅದು ಗೊತ್ತಿರಲಿಲ್ಲ. ಅವನು ಬಟ್ಟಲು ಎತ್ತಿದ. ಮೂರು ಗುಟುಕಿನಲ್ಲಿ ಕುಡಿದು, ತಲೆ ಎತ್ತಿ, ಇಡೀ ಸಭೆಯನ್ನು ಒಮ್ಮೆ ನೋಡಿದ. ನೆಲ ನೋಡದೆ ಅವನು ಆ ಬಾಗಿಲಿನಿಂದ ಹೊರಗೆ ಹೋದದ್ದು ಅದೇ ಮೊದಲು.

ಎಂಟು ದಿನಕ್ಕೆ ಮಿಜ್ಬಾನ್ ಬಂದ. ಗೋಡೆ ನೋಡಿದ, ನನ್ನನ್ನು ಕರೆಸಿದ.

“ನನ್ನ ಜಾಗದಲ್ಲಿ ಕೂತ್ಕೋ ಅಂದ್ರೆ ನನ್ನ ನಾಲಿಗೇನೂ ತಗೊಂಡ್ಬಿಟ್ಯಾ?”

“ಮಾತು ಕೊಟ್ಟಾಯ್ತು ಅಣ್ಣ. ಅವನು ಕುಡಿದಾಯ್ತು.”

“ಬಲೆಯವನಿಗೆ ಎಂಥಾ ಮಾತೋ?”

“ಅವನಪ್ಪನ ಮೀನು ತಿನ್ನೋವಾಗ ಈ ಪ್ರಶ್ನೆ ಎಲ್ಲಿತ್ತು? ಮುಳ್ಳು ಸಮೇತ ನುಂಗಿದ್ಯಲ್ಲ, ಅಣ್ಣ!”

ನನ್ನ ಕೂಗು ಎಮ್ಮೆಕೊಟ್ಟಿಗೆಗೆ ಕೇಳಿತಂತೆ. ಅವನು ಕೂಗಲಿಲ್ಲ. ಅವನ ರೀತಿಯೇ ಅದು. ಮೆತ್ತಗೆ ಹೇಳಿದ: “ಬರೋ ಗುರುವಾರ ನಿನ್ನ ಮಗಳ ಮದುವೆ. ಗಂಡಿನ ಕಡೆಯೋರು ಆಚೆ ದಡದೋರು. ಅರವತ್ತು ಜನ ಈ ಗೋಡೆ ಮುಂದೆ ಕೂತು ಉಣ್ತಾರೆ. ನೂರಿಯಾನ ವಾಪಸ್ ಕಳಿಸಿದ್ರೆ ನಿನ್ನ ಗೆಳೆಯ ಬರೆದ ಬಲೇಲಿ ಹಾಕಿ ಇಟ್ಕೋತೀಯೇನು?”

ನನ್ನ ಬಾಯಿ ಅಲ್ಲಿಗೆ ಮುಚ್ಚಿತು. ಅದುವರೆಗೆ ಯಾರೂ ಮುಚ್ಚಿಸಿರದ ಬಾಯಿ. ನೂರಿಯಾ ನನ್ನ ಒಬ್ಬಳೇ ಮಗಳು. ಮಾರನೆಯ ದಿನ ಪಟ್ಟಣದಿಂದ ಯಾರೋ ಬೋರ್ಡು ಬರೆಯುವವನು ಬಂದು ಒಂದು ಮಧ್ಯಾಹ್ನದಲ್ಲಿ ಬಲೆಯನ್ನು ನೀರು ಮಾಡಿ, ಮುಷ್ಟಿಗೆ ಈಟಿ ಸಿಕ್ಕಿಸಿ, ಮೀಸೆಯನ್ನೂ ಒಂದು ಸುತ್ತು ಹುರಿ ಮಾಡಿ ಹೋದ. ನಾನು ಎಮ್ಮೆಗಳ ಜೊತೆ ಜೊಂಡಿನಲ್ಲಿದ್ದೆ. ಬೇಕೆಂದೇ ಅಲ್ಲಿದ್ದೆ. ಜಹೈಶ್‌ನ ದಿಬ್ಬ ಅಲ್ಲಿಂದ ಕಾಣುತ್ತಿತ್ತು. ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಮದುವೆಗೆ ಅವನು ಬಂದ. ಒಗೆದ ಬಿಳಿ ನಿಲುವಂಗಿ. ಕೈಯಲ್ಲಿ ಜೊಂಡಿನ ದಾರಕ್ಕೆ ಪೋಣಿಸಿದ ಎರಡು ಮೀನು, ಒಂದೊಂದೂ ಮೊಳದುದ್ದ. ಅಪ್ಪನ ಹಳೆಯ ಬಲೆಯಲ್ಲೇ ಹಿಡಿದದ್ದಿರಬೇಕು, ಮೈಮೇಲೆ ತೂತಿರಲಿಲ್ಲ. ಮೀನನ್ನು ನನ್ನ ಕೈಗೆ ಕೊಟ್ಟು, “ನೂರಿಯಾಗೆ” ಅಂದ. ನಗುತ್ತಿದ್ದ. ನಗುತ್ತಲೇ ಒಳಗೆ ಹೋದ. ಅರವತ್ತು ಜನ ಊಟಕ್ಕೆ ಕೂತಿದ್ದರು. ಬೀಗನೊಬ್ಬ ಅನ್ನದ ಕೈಯಲ್ಲೇ ಗೋಡೆ ತೋರಿಸಿ ಮಿಜ್ಬಾನ್‌ಗೆ, “ನಿಮ್ಮ ಈಟಿಯವನು ಭಾರೀ ಇದಾನೆ” ಅನ್ನುತ್ತಿದ್ದ.

ಜಹೈಶ್ ನಿಂತು ನೋಡಿದ. ಎಷ್ಟು ಹೊತ್ತು ಎಂದು ಹೇಳಲಾರೆ. ಮೀನು ನನ್ನ ಕೈಯಲ್ಲಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಬಾಗಿಲ ಬಳಿ ತನ್ನ ಹಳೆಯ ಜಾಗದಲ್ಲಿ ಕೂತ. ಕಾಫಿಯವನು ಬಂದು ಬಟ್ಟಲು ಚಾಚಿದ. ಜಹೈಶ್ ಅದರ ಬಾಯಿಗೆ ಅಂಗೈ ಅಡ್ಡ ಹಿಡಿದ.

“ನಂದು ಆಗಲೇ ಕುಡಿದಾಗಿದೆ” ಅಂದ.

ಎದ್ದು ಹೋದ. ನನ್ನ ಪಕ್ಕದಲ್ಲೇ ಹಾದುಹೋದ, ಮೈಗೆ ಮೈ ತಾಗಿತು. ಒಂದು ಬೈಗುಳ ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಆಮೇಲೆ ಒಂಬತ್ತು ವರ್ಷ ಅವನು ಅದೇ ದಿಬ್ಬದ ಮೇಲಿದ್ದ. ನಾನು ಹೋಗಿ ಕೂರುತ್ತಿದ್ದೆ. ಚಹಾ ಕೊಡುತ್ತಿದ್ದ, ಎಮ್ಮೆಗಳ ಕಾಲುಬೇನೆ ವಿಚಾರಿಸುತ್ತಿದ್ದ, ನೂರಿಯಾಗೆ ಎಷ್ಟು ಮಕ್ಕಳಾದವು ಎಂದು ಕೇಳುತ್ತಿದ್ದ. ಗೋಡೆಯ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ನಾನೇ ಎತ್ತಿದೆ. “ಬಣ್ಣ ತಂದ್ಕೊಡ್ತೀನಿ, ಬಾರೋ. ಬಾಗಿಲಲ್ಲಿ ನಾನು ಕೊಡಲಿ ಹಿಡಿದು ನಿಂತ್ಕೋತೀನಿ. ಯಾವನು ಬರ್ತಾನೋ ನೋಡೇಬಿಡೋಣ.”

“ಬೇಡ ಅತ್ವಾನ್. ಗೋಡೆ ನಿಮ್ಮದು” ಅಂದ. ಲೋಟಕ್ಕೆ ಚಹಾ ಹುಯ್ಯುತ್ತ, “ಮುಖ ಹಾಗೇ ಬಿಟ್ಟಿದಾರೆ, ಅಲ್ವಾ?” ಎಂದು ಕೇಳಿದ.

“ಬಿಟ್ಟಿದಾರೆ. ಮೀಸೆ ಮಾತ್ರ...”

“ಮೀಸೆ ಇರ್ಲಿ. ಅವನಿಗೂ ಹಾಗೆ ಬಿಡೋ ಆಸೆ ಇತ್ತು.”

ಮತ್ತೆ ಅವನು ಚಿತ್ರ ಬರೆಯಲಿಲ್ಲ. ದೋಣಿಗಳಿಗೆ ನಂಬರು ಬರೆಯುತ್ತಿದ್ದ.

ಎರಡು ವರ್ಷದ ಹಿಂದೆ ನೀರು ಮತ್ತೆ ಇಳಿಯಿತು. ಈ ಸಲ ಒಡ್ಡು ಕಟ್ಟಿದವರು ಯಾರೂ ಇಲ್ಲ, ಬೈಯಲೂ ಯಾರೂ ಸಿಗಲಿಲ್ಲ. ಅವನ ದಿಬ್ಬದ ಸುತ್ತ ಕೆಸರಾಗಿ, ದೋಣಿಯೂ ಹೋಗದೆ ಕಾಲೂ ಹೋಗದೆ ಹತ್ತು ದಿನ ಯಾರೂ ಆ ಕಡೆ ಸುಳಿಯಲಿಲ್ಲ. ನಾನು ಸೊಂಟದವರೆಗೆ ಕೆಸರಿನಲ್ಲಿ ಹೂತುಕೊಂಡು ಹೋದಾಗ ರೇಡಿಯೋ ಇನ್ನೂ ಸಣ್ಣಗೆ ಮಾತಾಡುತ್ತಿತ್ತು. ಅದರ ಜೊತೆ ಜಗಳವಾಡುವವನು ಗೋಡೆಗೆ ಒರಗಿ ಕೂತ ಹಾಗೆಯೇ ಹೋಗಿದ್ದ.

ನಮ್ಮವರನ್ನೆಲ್ಲ ಮಣ್ಣು ಮಾಡುವ ನಜಫ್‌ಗೆ ಹೆಣ ಒಯ್ದದ್ದು ನಾನೊಬ್ಬನೇ. ಅಲ್ಲಿ ಹೆಣ ತೊಳೆಯುವವನು, “ನೀವು ಏನಾಗ್ಬೇಕು?” ಎಂದು ಕೇಳಿದ. ಬಾಯಿಗೆ ಬಂದದ್ದು ‘ಅಣ್ಣ’ ಎಂದು. ಹಾಗೆಂದೇ ಬರೆಸಿದೆ.

ಕೊಟ್ಟ ಮಾತು ಉಳಿಸಿಕೊಳ್ಳುವ ಮುಂಚೆ ಪಡೆದವನು ಸತ್ತರೆ, ನಮ್ಮಲ್ಲಿ ಅವನ ಮಗನ ಬಳಿ ಹೋಗುತ್ತಾರೆ. ಅವನ ಮನೆಯಲ್ಲಿ ಕೂತು, ಅವನ ಕಾಫಿಯನ್ನು ಮುಂದಿಟ್ಟುಕೊಂಡು, ನಿನ್ನಪ್ಪನದು ನನ್ನ ಮೇಲಿದೆ, ತಗೋ ಎನ್ನುತ್ತಾರೆ. ಮಗ ‘ಕುಡಿ’ ಎಂದರೆ ತೀರಿತು. ನಾನು ಎಷ್ಟು ದೂರವಾದರೂ ಹೋಗುತ್ತಿದ್ದೆ, ಬರಿಗಾಲಲ್ಲಿ ಹೋಗುತ್ತಿದ್ದೆ. ಎಲ್ಲಿಗೆ ಹೋಗಲಿ? ಬಲೆಯವನ ಮಗನಿಗೆ ನಾವು ಹೆಣ್ಣು ಕೊಟ್ಟಿರಲಿಲ್ಲ.